ಗಾಳಿ ನೋಡಿ ಮಾಡಿದ ಕಣ

ನಮ್ಮ ಪಕ್ಕದ ಮನೆಯ ಎಂಜಿನಿಯರ್ ದೇಶಕ್ಕೆಲ್ಲ ವಿಮಾನ ನಿಲ್ದಾಣಗಳ ನಕ್ಷೆ ಬರೆದವರು. ರಜೆಗೆ ಕಡೂರಿಗೆ ಬರುತ್ತಿದ್ದುದು ಮಾತ್ರ ಪ್ಯಾಸೆಂಜರ್ ರೈಲಿನಲ್ಲಿ. ಯಾರ ಮನೆಗೆ ಹೋದರೂ ಅಂಗಳದಲ್ಲಿ ಒಂದು ಚಿಟಿಕೆ ಮಣ್ಣು ತೂರಿ, "ಮೊದ್ಲು ಗಾಳಿ ನೋಡ್ಬೇಕು ಕಣ್ರೀ" ಎಂದ ಮೇಲೆಯೇ ಒಳಗೆ ಬರುತ್ತಿದ್ದರು. ರನ್‌ವೇಗೂ ಕಾಫಿಗೂ ಅದೇ ಶಾಸ್ತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ಸಿಂಗಟಗೆರೆ ಕಡೆ ಅವರದೇ ನಕ್ಷೆಯ ಒಂದು ರನ್‌ವೇ ಆಯಿತು. ಮಂತ್ರಿಗಳು ಕಾರಿನಲ್ಲಿ ಬಂದು, ಟೇಪು ಕತ್ತರಿಸಿ, ಕಾರಿನಲ್ಲೇ ಹೋದರು. ವಿಮಾನ ಬರಲಿಲ್ಲ. ಸುಗ್ಗಿ ಬಂತು.

ಮುಂದಿನ ರಜೆಯಲ್ಲಿ ಎಂಜಿನಿಯರ್ ನನಗೆ ಅದನ್ನು ತೋರಿಸಲು ಕರೆದೊಯ್ದರು. ನೋಡಿದರೆ ಉದ್ದಕ್ಕೂ ರಾಗಿಯ ಒಕ್ಕಣೆ ನಡೆದಿತ್ತು.

"ಇದು ವಿಮಾನ ಇಳಿಯೋ ಜಾಗ ಕಣ್ರೀ!" ಎಂದು ಕೂಗಿದರು.

ಮೊರದಲ್ಲಿ ರಾಗಿ ತೂರುತ್ತಿದ್ದ ಅಜ್ಜಿ ತಿರುಗಿಯೂ ನೋಡಲಿಲ್ಲ. "ಇಳೀಲಿ ಬಿಡಪ್ಪಾ, ಅದ್ರ ಚಕ್ರದಲ್ಲೇ ಒಕ್ಕಣೆ ಆಗೋಗ್ತದೆ. ಯಾರೋ ಪುಣ್ಯಾತ್ಮರು ಗಾಳಿ ನೋಡಿ ಮಾಡವ್ರೆ. ತರೀಕೆರೆವರ್ಗೂ ಹುಡುಕಿದ್ರೂ ಇಂಥ ಕಣ ಸಿಗಲ್ಲ."

ಎಂಜಿನಿಯರ್ ಅಭ್ಯಾಸಬಲದಿಂದ ಬಗ್ಗಿ, ಅಜ್ಜಿಯ ರಾಶಿಯಿಂದಲೇ ಒಂದು ಹಿಡಿ ತೆಗೆದು ತೂರಿದರು. ಕಾಳು ಅವರ ಬೂಟಿನ ಮೇಲೆ ಬಿತ್ತು, ಹೊಟ್ಟು ರನ್‌ವೇಗುಂಟ ನೇರವಾಗಿ ಹಾರಿತು.

ಆ ರನ್‌ವೇಯಿಂದ ಇವತ್ತಿನವರೆಗೆ ಹಾರಿದ್ದು ಅದೊಂದೇ.