ಒಂದು ಗಂಟೆಗೆ ಬರುತ್ತಿದ್ದ ಅವ್ವನ ದನಿ

ಉಮ್ಮತ್ತೂರಿನ ನೀಲಾವತಿ ನನಗೆ ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೈಸಿಕೊಂಡು ಮರೆತುಬಿಡುತ್ತಿದ್ದೆ. ನನ್ನ ಹೆಸರು ಮಲ್ಲಿಕಾರ್ಜುನಸ್ವಾಮಿ, ಚಾಮರಾಜನಗರದಲ್ಲಿ ಸಿಸಿ ಕ್ಯಾಮೆರಾ ಹಾಕುವ ಅಂಗಡಿ ಇಟ್ಟಿದ್ದೇನೆ. ಗಾಳಿಮಳೆಗೆ ಕರೆಂಟು ಹೋಗಿ ಬಂತೆಂದರೆ ಸಾಕು, ಮೊಬೈಲಿನಲ್ಲಿ ಮನೆ ಕಾಣುತ್ತಿಲ್ಲ ಎಂದು ಜನ ನನ್ನ ಮೇಲೆ ಮುಗಿಬೀಳುತ್ತಾರೆ. ಬಾಗಿಲಲ್ಲಿ ಬಿದ್ದುಕೊಂಡ ನಾಯಿಯನ್ನು ಎರಡು ದಿನ ನೋಡದಿದ್ದರೆ ಇವರ ಗಂಟೇನು ಹೋಗುತ್ತದೋ ಎಂದು ಗೊಣಗುತ್ತಲೇ ನಾನು ಬೈಕ್ ಹತ್ತುವುದು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುವುದರಲ್ಲಿ ಸುಳ್ಳಿಲ್ಲ.

ನೀಲಾವತಿಯದು ನಾಯಿ ನೋಡುವ ಕ್ಯಾಮೆರಾ ಅಲ್ಲ. ಗಂಡ ಚೆಲುವಯ್ಯ ತೀರಿಕೊಂಡ ಮೇಲೆ ಆಕೆ ಚಾಮರಾಜನಗರದ ಹೊರಗಿನ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಬೆಳಿಗ್ಗೆ ಏಳಕ್ಕೆಲ್ಲ ಸಂತೆಮರಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ಏಳಕ್ಕೆ. ಶರಟಿನ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪೂರ್ತಿ ಹೆಸರು ಬರೆದು ಫ್ಯಾಕ್ಟರಿಯವರು ಕೊರಳಿಗೆ ಕೊಟ್ಟ ಕಾರ್ಡನ್ನು ಭಾನುವಾರವೂ ತೆಗೆಯದೆ ಓಡಾಡುತ್ತಾಳೆ ಎಂದು ಬೀದಿಯ ಹೆಂಗಸರು ರೇಗಿಸುತ್ತಿದ್ದರು. ಆಕೆ ನಗುತ್ತಿದ್ದಳು. ಅದುವರೆಗೆ ಅವಳನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆದಿರಲಿಲ್ಲವಂತೆ.

ಮನೆಯಲ್ಲಿ ಮಗಳು ಮೀನಾ ಇದ್ದಳು. ವಯಸ್ಸು ಹತ್ತೊಂಬತ್ತು, ಬುದ್ಧಿ ಐದು ವರ್ಷದ ಮಗುವಿನದು. ಯಾರಿಗೂ ತೊಂದರೆ ಕೊಡುವವಳಲ್ಲ. ಆದರೆ ಅವ್ವ 'ಉಣ್ಣು' ಎನ್ನದೆ ತುತ್ತು ಮುಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮಾತು ಕೇಳಿಸದಿದ್ದರೆ ಅವ್ವನನ್ನು ಹುಡುಕಿಕೊಂಡು ನೇರ ಬಸ್ಸಿನ ರಸ್ತೆಗೇ ನಡೆದುಬಿಡುತ್ತಾಳೆ. ಪಕ್ಕದ ಮನೆಯ ಚಿಕ್ಕನಿಂಗಮ್ಮ ಎಷ್ಟು ಹೊತ್ತು ಕಾಯುತ್ತಾರೆ, ಅವರಿಗೂ ಮೇಕೆಗಳಿವೆ.

ಅದಕ್ಕೆ ನಾನು ಒಂದು ಮಾತಾಡುವ ಕ್ಯಾಮೆರಾ ತಂದು ನಡುಮನೆಯ ಗೋಡೆಗೆ ಹಾಕಿಕೊಟ್ಟೆ. ಫ್ಯಾಕ್ಟರಿಯಲ್ಲಿ ಫೋನು ಮುಟ್ಟಲು ಬಿಡುವುದು ಊಟದ ಅರ್ಧ ಗಂಟೆ ಮಾತ್ರ. ಸರಿಯಾಗಿ ಒಂದು ಗಂಟೆಗೆ ನೀಲಾವತಿ ಕ್ಯಾಂಟೀನಿನಲ್ಲಿ ನಿಂತು ಫೋನಿನಲ್ಲಿ ಮಗಳನ್ನು ನೋಡಿ ಗುಂಡಿ ಒತ್ತುತ್ತಿದ್ದಳು. "ಮೀನಾ, ಕೈ ತೊಳ್ಕಂಡ್ಯಾ? ಉಣ್ಣವ್ವ." ಗೋಡೆಯಿಂದ ಆ ದನಿ ಬರುತ್ತಿದ್ದಂತೆ ಮೀನಾ ತಲೆಯೆತ್ತಿ, "ಊಂ ಕಣವ್ವ," ಎಂದು ತಟ್ಟೆಗೆ ಕೈಹಾಕುತ್ತಿದ್ದಳು. ಅವಳ ಮಟ್ಟಿಗೆ ಅದು ಕ್ಯಾಮೆರಾ ಅಲ್ಲ. ಅವ್ವ ಹಗಲು ಹೊತ್ತು ಅದರೊಳಗೆ ಇರುತ್ತಾಳೆ, ಸಂಜೆ ಬಾಗಿಲಿಂದ ಬರುತ್ತಾಳೆ. ಎರಡು ವರ್ಷ ಹೀಗೆ ನಡೆಯಿತು.

ಈ ಸಲದ ಮುಂಗಾರಿಗೆ ಮೊದಲು ಒಂದು ಸೋಮವಾರ ಸಂಜೆ ಗಾಳಿ ಎದ್ದು ಕಂಬಗಳು ಉರುಳಿದವು. ಮಂಗಳವಾರವೆಲ್ಲ ಕರೆಂಟಿಲ್ಲ. ಮಧ್ಯಾಹ್ನ ದನಿ ಬರಲಿಲ್ಲ, ಮೀನಾ ರಸ್ತೆಗೆ ಹೋದಳು. ಬಸ್ಸಿನವನು ಬ್ರೇಕ್ ಹೊಡೆದದ್ದಕ್ಕೆ ಉಳಿದಳು. ಬುಧವಾರ ನೀಲಾವತಿ ರಜೆ ಹಾಕಿ ಮನೆಯಲ್ಲಿ ಕೂತಳು. ಬೆಳಿಗ್ಗೆಯೇ ಕರೆಂಟು ಬಂತು, ಆದರೆ ಫೋನಿನಲ್ಲಿ ಮನೆ ಕಾಣಲಿಲ್ಲ. ಆಕೆ ನನಗೆ ಫೋನ್ ಮಾಡಿದಾಗ ನಾನು ಗುಂಡ್ಲುಪೇಟೆಯಲ್ಲಿ ಒಬ್ಬ ಚೆಂಡುಹೂವಿನ ವ್ಯಾಪಾರಿಯ ಗೋಡೌನಿನ ಮೇಲೆ ಏಣಿ ಹಾಕಿಕೊಂಡು ನಿಂತಿದ್ದೆ.

"ಸ್ವಾಮಣ್ಣ, ನಾಳೀಕೆ ರಜ ಕೊಡಕಿಲ್ಲ ಅಂದವ್ರೆ. ಅರ್ಜೆಂಟು ಆರ್ಡರಂತೆ. ನಾಳೆ ಒಂದ್ಗಂಟೆ ಒಳ್ಗೆ ಸರಿ ಮಾಡ್ಕೊಡಿ, ನಿಮ್ ದಮ್ಮಯ್ಯ."

"ಎಲ್ರೂ ಅರ್ಜೆಂಟು ಅಂದ್ರೆ ನಾನೇನ್ ಆರ್ಕಂಡ್ ಬರ್ಲಾ? ಬತ್ತೀನಿ ಇರಮ್ಮ," ಎಂದು ಫೋನ್ ಇಟ್ಟೆ.

ಗುರುವಾರ ಉಮ್ಮತ್ತೂರು ಮುಟ್ಟಿದಾಗ ಹನ್ನೆರಡೂವರೆ. ದಾರಿಯಲ್ಲಿ ಇನ್ನೊಂದು ಮನೆ ಮುಗಿಸಿಕೊಂಡು ಬಂದಿದ್ದೆ, ಹೊಟ್ಟೆ ಹಸಿದಿತ್ತು, ತಲೆ ಕೆಟ್ಟಿತ್ತು. ಮೀನಾ ಕ್ಯಾಮೆರಾದ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಮುಂದೆ ಮುದ್ದೆ, ಸೊಪ್ಪಿನ ಸಾರು. ಕೈ ತೊಳೆದುಕೊಂಡಾಗಿತ್ತು, ಒದ್ದೆ ಕೈಯನ್ನು ಮುಂದಕ್ಕೆ ಚಾಚಿ ಹಿಡಿದಿದ್ದಳು. ಚಿಕ್ಕನಿಂಗಮ್ಮ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು.

"ಬ್ಯಾಗ ಮಾಡಪ್ಪ. ಇವ್ಳು ಎದ್ರೆ ಇಡಿಯಕ್ಕೆ ನನ್ಗೆ ಸಕ್ತಿ ಇಲ್ಲ."

ಕ್ಯಾಮೆರಾದ ದೀಪ ಮಿಣಕುತ್ತಿತ್ತು. ಕರೆಂಟು ಹೋಗಿಬಂದಾಗ ಹತ್ತರಲ್ಲಿ ಒಂಬತ್ತು ಕ್ಯಾಮೆರಾ ಹಳೆಯ ಜೋಡಣೆಯನ್ನು ಮರೆತಿರುತ್ತವೆ, ಅಳಿಸಿ ಹೊಸದಾಗಿ ಜೋಡಿಸಿದರೆ ಸರಿಹೋಗುತ್ತವೆ. ಇದೂ ಅದೇ ಎಂದುಕೊಂಡೆ. ಮೊದಲು ಇಂಟರ್ನೆಟ್ಟಿನ ಡಬ್ಬಿ ನೋಡಬೇಕು, ಆಮೇಲೆ ಕ್ಯಾಮೆರಾ ಮುಟ್ಟಬೇಕು. ಇದು ಕಸುಬಿನ ಮೊದಲ ಪಾಠ, ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಆದರೆ ಡಬ್ಬಿ ಇದ್ದದ್ದು ಒಳಕೋಣೆಯಲ್ಲಿ, ಕ್ಯಾಮೆರಾ ಇದ್ದದ್ದು ಕಣ್ಣೆದುರಿಗೆ. ಜೇಬಿನಿಂದ ಪಿನ್ನು ತೆಗೆದು, ಹಳೆಯದನ್ನು ಅಳಿಸುವ ಸಣ್ಣ ತೂತಿಗೆ ಒತ್ತಿ ಹಿಡಿದೆ.

ಹಾಗೆ ಅಳಿಸಿದಾಗ ಆ ಕ್ಯಾಮೆರಾ ಮಾತಾಡುತ್ತದೆ. ಜೋಡಿಸಲು ಸಿದ್ಧ ಎಂದು ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾಳೆ. ದಿನಾ ಕೇಳಿ ಕೇಳಿ ನನ್ನ ಕಿವಿಗೆ ಅದು ಬೀಳುವುದೇ ಇಲ್ಲ. ಮೀನಾಳ ಕಿವಿಗೆ ಬಿತ್ತು. ಅವ್ವ ಮಾತಾಡುವ ಜಾಗದಿಂದ ಯಾರೋ ಬೇರೆ ಹೆಂಗಸು, ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದ್ದಳು. ಮೀನಾ ತಟ್ಟೆ ದೂಡಿ ಕಿರುಚಿದಳು. ಗೋಡೆಗೆ ಒತ್ತಿಕೊಂಡು ಎರಡೂ ಕಿವಿ ಮುಚ್ಚಿಕೊಂಡಳು. ನಾನು ಗಾಬರಿಯಲ್ಲಿ ಜೋಡಿಸಲು ನೋಡಿದೆ, ಕೂಡಲಿಲ್ಲ. ಕೂಡದಿದ್ದಾಗೆಲ್ಲ ಆ ಹೆಂಗಸು ಮತ್ತೆ ಮತ್ತೆ ಮಾತಾಡಿದಳು.

ಕೊನೆಗೆ ಒಳಕೋಣೆಗೆ ಓಡಿದೆ. ಡಬ್ಬಿಗೆ ಹೋಗುವ ಹಳದಿ ವೈರು ಮಾದಪ್ಪ ದೇವರ ಫೋಟೋ ಹಿಂದೆ ಇಳಿಬಿದ್ದಿತ್ತು.

"ಗುಡುಗ್ತಿತ್ತಲ್ಲ ಸೋಮಾರ, ಸಿಡ್ಲು ವೈರ್‌ನಗೇ ಬರದಂತೆ. ಅದ್ಕೆ ಎಲ್ಲಾನು ಕಿತ್ಬುಟ್ಟಿದ್ದೆ," ಅಂದರು ಚಿಕ್ಕನಿಂಗಮ್ಮ. "ಆಮೇಲೆ ಎಲ್ಲಾ ಸಿಗ್ಸಿದ್ನಲ್ಲಪ್ಪ, ಇದೊಂದು ಕಾಣ್ನಿಲ್ವಲ್ಲ."

ಸಿಡಿಲಿಗೆ ಹೆದರಿ ಎಲ್ಲ ವೈರು ಕೀಳುವುದು ನಮ್ಮ ಕಡೆ ಮನೆಮನೆಯಲ್ಲೂ ಇದ್ದದ್ದೇ. ಅದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಕ್ಯಾಮೆರಾಗೆ ಏನೂ ಆಗಿರಲಿಲ್ಲ. ಆ ವೈರನ್ನು ಸಿಕ್ಕಿಸಿ ಸುಮ್ಮನೆ ನಿಂತಿದ್ದರೆ ಅವ್ವನ ದನಿಯೇ ಬರುತ್ತಿತ್ತು.

ವೈರು ಸಿಕ್ಕಿಸಿ, ಕ್ಯಾಮೆರಾವನ್ನು ನೀಲಾವತಿಯ ಖಾತೆಗೇ ಮತ್ತೆ ಜೋಡಿಸಿದೆ, ಒಂದು ಗಂಟೆಗೆ ಎಲ್ಲ ಸರಿಹೋಯಿತು. ನೀಲಾವತಿಯ ದನಿ ಬಂತು, "ಮೀನಾ, ಕೈ ತೊಳ್ಕಂಡ್ಯಾ?"

ಮೀನಾ ಕಿವಿಯಿಂದ ಕೈ ತೆಗೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ತೆವಳಿಕೊಂಡು ಬಂದು ಗೋಡೆಯ ಕೆಳಗೆ ಕೈಮುಗಿದು ಕೂತಳು.

"ಅಕ್ಕ, ನಮ್ಮವ್ವುನ್ನ ಬುಟ್ಬುಡಕ್ಕ."

"ನಾನೇ ಕಣವ್ವ! ನಿಮ್ಮವ್ವ ಕಣೆ! ಉಣ್ಣು ಕಣಮ್ಮಿ!"

"ಬುಟ್ಬುಡಕ್ಕ. ಅವ್ವ ಅಳ್ತದೆ."

ಅತ್ತ ಕ್ಯಾಂಟೀನಿನ ಗದ್ದಲ, ಇತ್ತ ಈ ಮಾತು. ಅರ್ಧ ಗಂಟೆ ನೀಲಾವತಿ ಬೇಡಿಕೊಂಡಳು, ಹಾಡು ಹೇಳಿದಳು, ಅತ್ತಳು. ಅತ್ತಷ್ಟೂ, ಆ ಬೇರೆ ಹೆಂಗಸು ಅವ್ವನನ್ನು ಒಳಗೆ ಹಿಡಿದಿಟ್ಟಿದ್ದಾಳೆ ಎಂಬ ಮೀನಾಳ ನಂಬಿಕೆ ಗಟ್ಟಿಯಾಯಿತು. ಬೆಲ್ ಹೊಡೆದದ್ದು ನನಗೂ ಕೇಳಿಸಿತು. ದನಿ ನಿಂತಿತು. ನಾನು ಎಂದೂ ಅಳುವವನಲ್ಲ, ಅವತ್ತು ಅತ್ತೆ.

ಸಂಜೆ ಬಾಗಿಲಿಂದ ಬಂದ ಅವ್ವನನ್ನು ಮೀನಾ ಮೂಸಿ ನೋಡಿ ಸೆರಗು ಹಿಡಿದುಕೊಂಡಳಂತೆ. ಅವತ್ತು ಹಿಡಿದ ಸೆರಗನ್ನು ಬಿಡಲಿಲ್ಲ. ಕೆಲಸಕ್ಕೆ ಹೊರಟರೆ ಆ ಹೆಂಗಸು ಹಿಡಿದುಕೊಳ್ಳುತ್ತಾಳೆ ಎಂದು ಬಾಗಿಲಿಗೆ ಅಡ್ಡ ಬೀಳುತ್ತಿದ್ದಳು. ನೀಲಾವತಿ ರಜೆಯ ಮೇಲೆ ರಜೆ ಹಾಕಿದಳು. ತಿಂಗಳು ತುಂಬುವಷ್ಟರಲ್ಲಿ ಫ್ಯಾಕ್ಟರಿಯವರು ಕಾರ್ಡು ವಾಪಸು ಇಸಿದುಕೊಂಡರು. ಈಗ ಆಕೆ ಊರಲ್ಲೇ ಅರಿಸಿನದ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಾಳೆ. ಮೀನಾ ಬದುವಿನ ಮೇಲೆ ಕೂತು ಅವ್ವನ ಬೆನ್ನನ್ನೇ ನೋಡುತ್ತಿರುತ್ತಾಳೆ.

ಹೋದ ವಾರ ಕ್ಯಾಮೆರಾ ಬಿಚ್ಚಿಕೊಂಡು ಹೋಗಿ ಎಂದು ನೀಲಾವತಿ ಹೇಳಿಕಳಿಸಿದ್ದಳು. ಹೋದೆ. ಗೋಡೆಯ ಮೊಳೆಗೆ ಕಾರ್ಡಿನ ನೀಲಿ ದಾರ ಮಾತ್ರ ನೇತಾಡುತ್ತಿತ್ತು. ಮಜ್ಜಿಗೆ ಕೊಟ್ಟಳು.

"ಏನಾಗಿತ್ತಣ್ಣ ಅವತ್ತು ಅದ್ಕೆ?"

"ಕರೆಂಟು ಓಗ್ಬಂದ್ರೆ ಅಂಗೇ ಕಣಮ್ಮ. ಅಳಿಸ್ದೆ ಬೇರೆ ದಾರಿ ಇರ್ನಿಲ್ಲ."

"ಏನ್ ಮಾಡಕ್ಕಾದದು, ನನ್ ಅಣೇಬರ. ನೀವಾದ್ರೂ ಯೋಳಿದ್ ಒತ್ಗೆ ಬಂದ್ರಿ. ನಿಮ್ಮ ಉಪ್ಕಾರ ಮರೆಯಾಕಿಲ್ಲ ಕಣಣ್ಣ."

ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದೆ. ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕುವಾಗ ಮೀನಾ ಅವ್ವನ ಹಿಂದಿನಿಂದ ಇಣುಕಿದಳು.

"ಆ ಅಕ್ಕ ಓಯ್ತದಾ?"

"ಓಯ್ತದೆ ಕಣವ್ವ."

"ಆ ಅಕ್ಕನ್ಗೆ ಉಣ್ಣು ಅನ್ನೋರು ಯಾರು?"

ನೀಲಾವತಿ ನನ್ನ ಮುಖ ನೋಡಿದಳು. "ಈ ಅಣ್ಣ ಯೋಳ್ತರೆ ಕಣವ್ವ," ಅಂದಳು.

ಬ್ಯಾಗು ಅಂಗಡಿಯಲ್ಲಿ ಹಾಗೇ ಇದೆ, ಬಿಚ್ಚಿಲ್ಲ. ಹಳದಿ ವೈರಿನ ವಿಷಯ ನಾನು ಇವತ್ತಿನವರೆಗೂ ಆಕೆಗೆ ಹೇಳಿಲ್ಲ.