ಷರಾ ಅಂಕಣದ ನಾಲ್ಕು ಪದಗಳು

ಕೊರೊನಾ ಕಳೆದು ಶಾಲೆಗಳು ಸರಿಯಾಗಿ ತೆರೆದ ವರ್ಷ. ಸೋಲೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು, ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್ ಕೂಡ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಇಂಗ್ಲಿಷ್ ಪದಗಳೆಂದರೆ ನನಗೆ ಹುಚ್ಚು. ಪ್ರಗತಿಪತ್ರದ ಷರಾ ಅಂಕಣದಲ್ಲಿ ಒಂದು ಮಗುವಿಗೆ ಒಮ್ಮೆ ಬರೆದ ಪದವನ್ನು ಮತ್ತೆ ಬರೆಯಬಾರದೆಂಬ ಜಂಬ ಬೇರೆ. ಸಮಾನಾರ್ಥಕ ಪದಗಳ ನಿಘಂಟು ಸದಾ ಮೇಜಿನ ಮೇಲಿರುತ್ತಿತ್ತು.

ಪವಿತ್ರ ಎಂಬ ಹುಡುಗಿಗೆ ಮೊದಲ ಕಿರುಪರೀಕ್ಷೆಯಲ್ಲಿ ‘ಡಲ್’ ಎಂದು ಬರೆದೆ. ಮಂಕು ಎಂದರ್ಥ. ಎರಡನೆಯದಕ್ಕೆ ‘ಸ್ಲಗಿಶ್’. ಬೋರ್ಡಿನ ತನಕ ಬರುವುದಕ್ಕೂ ಅವಳು ಕಾಲೆಳೆಯುತ್ತಿದ್ದಳು. ಮೂರನೆಯದಕ್ಕೆ ‘ಲಿಸ್ಟ್‌ಲೆಸ್’, ಯಾವುದರಲ್ಲೂ ಉತ್ಸಾಹವಿಲ್ಲದವಳು. ಗೆಳತಿಯರು ಆಡುವಾಗ ಗೋಡೆಗೊರಗಿ ಕೂತಿರುತ್ತಿದ್ದಳು. ಕೊನೆಯದಕ್ಕೆ ‘ಲೆಥಾರ್ಜಿಕ್’, ಅಂದರೆ ಎಚ್ಚರವಿದ್ದೂ ತೂಕಡಿಸುವಂಥ ಜಡತೆ. ಒಳ್ಳೆಯ ಪದ ಸಿಕ್ಕಿತೆಂದು ಅವತ್ತು ಖುಷಿಪಟ್ಟಿದ್ದೆ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪ್ರತಿ ಸಲವೂ ಕಾರ್ಡು ತಾಯಿ ಸಾವಿತ್ರಮ್ಮನ ಕನ್ನಡ ಸಹಿಯೊಂದಿಗೆ ವಾಪಸು ಬರುತ್ತಿತ್ತು. ಮೂರನೇ ಸಲ ಜೊತೆಗೊಂದು ಡಬ್ಬಿ ಗಿಣ್ಣೂ ಬಂತು.

“ಹಸ ಕರು ಹಾಕ್ತು ಸಾ, ಅವ್ವ ಕೊಟ್ಟವ್ಳೆ” ಎಂದಳು ಪವಿತ್ರ. ಚಪ್ಪರಿಸಿಕೊಂಡು ತಿಂದೆ.

ಮಾರ್ಚ್ ತಿಂಗಳಲ್ಲಿ ಪ್ರಾರ್ಥನೆಗೆ ನಿಂತಿದ್ದವಳು ಕುಸಿದುಬಿದ್ದಳು. ಮಾಗಡಿಯಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಹೃದಯದ ಕವಾಟ ಹಾಳಾಗಿತ್ತು. ಹುಟ್ಟಿದ ತಾರೀಕಿಗೆ ಬೇಕಾದೀತೆಂದು ನಾನು ಒಯ್ದಿದ್ದ ಕಾರ್ಡನ್ನು ಡಾಕ್ಟರು ತಿರುವಿ ನೋಡಿದರು.

“ಇದು ಕೇಸ್ ಶೀಟ್ ಇದ್ದ ಹಾಗಿದೆ, ಸಾರ್. ಒಂದೊಂದೇ ಲಕ್ಷಣ ಬರೆದಿದ್ದೀರಿ. ಮೊದಲೇ ಕರ್ಕೊಂಡು ಬಂದಿದ್ದರೆ ಉಳಿಸಬಹುದಿತ್ತು.”

ಮೂರನೇ ದಿನ ಪವಿತ್ರ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಕಾರ್ಡು ಹಿಡಿದು ಅವರ ಮನೆಗೆ ಹೋದೆ. ನಾಲ್ಕೂ ಪದಗಳ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಸಾವಿತ್ರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಚೆನ್ನಾಗಿ ಓದ್ತಾಳೆ ಅಂತ ಬರ್ದವ್ರೆ ಅಂತಿದ್ಲು ಸಾ ನನ್ ಮಗ್ಳು. ಅದ್ಕೇ ಗಿಣ್ಣು ಕಳ್ಸಿದ್ದೆ” ಎಂದರು. ಆಮೇಲೆ ಕೊಟ್ಟಿಗೆ ಕಡೆ ನೋಡುತ್ತಾ, “ಹಸ ಒಸಿ ಮಂಕಾಗಿ ಮೇವು ಬುಟ್ರೆ ಅವತ್ತೇ ಡಾಕ್ಟ್ರನ್ನ ಕರುಸ್ತೀವಿ. ಕನ್ನಡ್ದಲ್ಲಿ ಬರ್ದಿದ್ರೆ ನಾನೇ ಓದ್ಕತಿದ್ದೆ ಸಾ” ಎಂದರು.

ಉಳಿದ ಎರಡು ವರ್ಷ ಷರಾವನ್ನು ಕನ್ನಡದಲ್ಲೇ ಬರೆದೆ. ಮಗು ಮಂಕಾಗಿ ಕಂಡರೆ ಪೆನ್ನು ಎತ್ತುವ ಮೊದಲು ಅದರ ಮನೆಗೆ ಹೋಗುತ್ತಿದ್ದೆ. ಪವಿತ್ರಳ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ.