ದಿನಕ್ಕೊಂದು ಬುಟ್ಟಿ ಮಣ್ಣು

ಯಾದಗಿರಿಯಲ್ಲಿ ರೈಲಿಳಿದಾಗ ಬಿಸಿಲು ಏರಿತ್ತು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿ ಎರಡು ಬೇಸಿಗೆ ಕಳೆದಿದ್ದವಷ್ಟೇ. ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ. ಶಹಾಪುರದ ಬಸ್ಸಿನಲ್ಲಿ ನಾನು ಕೊಟ್ಟ ಕಲ್ದಾರ ನಾಣ್ಯವನ್ನು, ಅಂದರೆ ಭಾರತ ಸರ್ಕಾರದ ರೂಪಾಯಿಯನ್ನು, ಕಂಡಕ್ಟರ್ ಎರಡು ಸಲ ತಿರುಗಿಸಿ ನೋಡಿದ. ಅವನು ಮರಳಿಸಿದ ನಿಜಾಮರ ಹಾಲಿ ನಾಣ್ಯವನ್ನು ನಾನು ಮೂರು ಸಲ ನೋಡಿದೆ.

ನಮ್ಮ ಕಚೇರಿಗೆ ಒಂದು ಅರ್ಜಿ ಬಂದಿತ್ತು: ಸುರಪುರದಾಚೆಯ ಹಳ್ಳಿಯೊಂದರಲ್ಲಿ ಹೆಂಗಸರು ಹಾಳು ಬಾವಿ ಅಗೆಯುತ್ತಿದ್ದಾರೆ, ಹುಡುಕುತ್ತಿರುವುದು ನೀರನ್ನಲ್ಲ, ನಿಧಿಯನ್ನು. ವಿಚಾರಣೆಗೆ ಹೊರಟವನು ನಾನು. ಹೌದೆಂದು ಬರೆದರೆ ಬಾವಿಗೆ ಸರ್ಕಾರದ ಬೇಲಿ ಬಿದ್ದು ಅಗೆತ ನಿಲ್ಲುತ್ತಿತ್ತು. ನಿಜ ಹೇಳುತ್ತೇನೆ, ಹೊರಡುವ ಮೊದಲೇ ಅರ್ಧ ವರದಿ ನನ್ನ ತಲೆಯಲ್ಲಿ ಸಿದ್ಧವಾಗಿತ್ತು.

ಶಹಾಪುರದಲ್ಲಿ ಸುಸಲಾ ತಿಂದು ಚಹಾ ಕುಡಿದೆ. ಸುರಪುರದ ಚಾವಡಿಯಲ್ಲಿ ತಂಗಿ, ಬೆಳಿಗ್ಗೆ ಎರಡು ಹರದಾರಿ ನಡೆದು ಬಾವಿ ಮುಟ್ಟಿದೆ.

ಐವತ್ತು ದಾಟಿದ ನಿಂಗಮ್ಮ ಎಂಬಾಕೆ ಬುಟ್ಟಿ ಹೊತ್ತು ಮೇಲೆ ಬಂದಳು. ಸುರಿಯುವ ಮೊದಲು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಕೈ ಬಿಚ್ಚಿದಳು. ಮಣ್ಣು ಉದುರಿತು. ಇದೇನು ಎಂದು ಕೇಳಿದೆ. ಉಂಡೆ ಕಟ್ಟಿದ ದಿನ ನೀರು ಹತ್ತಿರ ಎಂದಳು. ರಜಾಕಾರರ ಗಲಾಟೆಯ ವರ್ಷ ಊರೇ ಗುಳೆ ಹೋದಾಗ ಬಾವಿ ಕುಸಿದು ಮುಚ್ಚಿತ್ತಂತೆ. ಮರಳಿ ಬಂದಾಗಿನಿಂದ ಈಕೆ ದಿನಕ್ಕೊಂದು ಬುಟ್ಟಿ ತೆಗೆಯುತ್ತಿದ್ದಳು. ಮೊದಲು ನಕ್ಕ ಹೆಂಗಸರೇ ಈಗ ದೂರದ ಹೊಳೆಗೆ ಕೊಡ ಹೊತ್ತು ಹೋಗುವ ಮುನ್ನ ತಲಾ ಒಂದು ಬುಟ್ಟಿ ತೆಗೆಯುತ್ತಿದ್ದರು.

ಕಥೆ ಚೆನ್ನಾಗಿದೆ ಅಂದುಕೊಂಡೆ. ಚೆನ್ನಾಗಿರುವ ಕಥೆಗಳ ಮೇಲೇ ನನಗೆ ಹೆಚ್ಚು ಅನುಮಾನ. ಮಣ್ಣಿನ ಗುಡ್ಡೆಯನ್ನು ಕೋಲಿನಿಂದ ಕೆದಕಿದೆ. ಕಲ್ಲು, ಬೇರು, ಒಡೆದ ಕೊಡದ ಕಂಠ ಸಿಕ್ಕವು.

"ಅಲ್ಲೇನ್ ಕೆದಕ್ತೀರಿ ಸಾಹೇಬ್ರ? ಕೆಳಗ ಇಳ್ದು ನೀವೂ ಒಂದು ಬುಟ್ಟಿ ತರ್ರಿ. ಬಂಗಾರ ಸಿಕ್ರ ನಿಮಗ, ನೀರು ಸಿಕ್ರ ನಮಗ," ಎಂದಳು ನಿಂಗಮ್ಮ.

ಇಳಿದೆ. ಮೂಲೆ ಮೂಲೆ ತಡಕಿದೆ. ನಾನು ತಂದ ಮಣ್ಣೂ ನನ್ನ ಮುಷ್ಟಿಯಲ್ಲಿ ಉದುರಿತು. ಅವಳಿಗಿಂತ ನನಗೇ ಹೆಚ್ಚು ಬೇಸರವಾಯಿತು. ಅದಕ್ಕೆ ನಾಚಿಕೆಯೂ ಆಯಿತು.

"ಇವತ್ತ ಇಲ್ಲ ಬಿಡ್ರಿ," ಎಂದು ನಿಂಗಮ್ಮ ಬುಟ್ಟಿಯನ್ನು ಮುಂದಿನವಳ ಕೈಗೆ ಕೊಟ್ಟಳು. ಆದರೂ ಸಾಕ್ಷಿಗಿರಲಿ ಎಂದು ನಾನು ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮನೆಗೆ ಮರಳಿ ವರದಿ ಬರೆದೆ: ನಿಧಿಯ ಸುಳಿವಿಲ್ಲ, ಕೆಲಸ ತಡೆಯಲು ಕಾರಣವಿಲ್ಲ. ಮರುದಿನ ಬೆಳಿಗ್ಗೆ ಮೇಜಿನ ಮೇಲಿದ್ದ ಗಂಟು ಬಿಚ್ಚಿ ಮಣ್ಣನ್ನು ಹಿಚುಕಿ ನೋಡಿದೆ. ಉದುರಿತು. ಬಾವಿಯಿಂದ ಅಷ್ಟು ದೂರ ಬಂದ ಮಣ್ಣಿಗೆ ನೀರು ಎಲ್ಲಿಂದ ಬರಬೇಕು? ಅದು ಗೊತ್ತಿದ್ದೂ ಅದರ ಮರುದಿನ ಮತ್ತೆ ಬಿಚ್ಚಿ ನೋಡಿದೆ.